ಹುಡಿ ಮನೆಗೆ ಬಂತು, ಮಗುವಿನ ಬಾಯಿಗೆ ಬಂತಾ?

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನ ಒಂದು ಅಂಗನವಾಡಿ. ತೂಕದ ದಿನ. ಹತ್ತು ತಿಂಗಳ ಹೆಣ್ಣುಮಗುವನ್ನು ತಕ್ಕಡಿಯ ಜೋಲಿಗೆ ಹಾಕಿದರು. ಮಗು ಕಿರುಚಿತು, ಮುಳ್ಳು ಓಲಾಡಿತು, ಕೊನೆಗೆ 6 ಕಿಲೋ 400 ಗ್ರಾಮಿನಲ್ಲಿ ನಿಂತಿತು. ಆ ವಯಸ್ಸಿನ ಹೆಣ್ಣುಮಗು ಸಾಧಾರಣ ಎಂಟೂವರೆ ಕಿಲೋ ತೂಗಬೇಕು. ಟೀಚರ್ ಕಾರ್ಡಿನಲ್ಲಿ ಚುಕ್ಕೆ ಇಟ್ಟರು. ಚುಕ್ಕೆ ಹಳದಿ ಪಟ್ಟಿಯಲ್ಲಿ ಬಿತ್ತು. ತಾಯಿಯ ಮುಖ ಸಣ್ಣದಾಯಿತು.

ಪಕ್ಕದಲ್ಲಿ ನಿಂತಿದ್ದ ಆಶಾ ವರ್ಕರ್ ಬೈಯಲಿಲ್ಲ. ಮಗುವನ್ನು ತಾನೇ ಎತ್ತಿಕೊಂಡು ತುಳುವಿನಲ್ಲಿ ಮಾತಿಗೆ ಶುರು ಮಾಡಿದರು. ಬೆಳಿಗ್ಗೆ ಏನು ಕೊಟ್ಟೆ?

"ಗಂಜಿ ಕೊಟ್ಟೆ ಅಕ್ಕ."

"ಗಂಜಿಯಾ, ಗಂಜಿ ತೆಳಿಯಾ?"

ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ತೆಳಿ. ಅನ್ನ ಗಂಟಲಲ್ಲಿ ಸಿಕ್ಕಿಕೊಳ್ತದೆ ಅಂತ ಅತ್ತೆ ಹೇಳ್ತಾರೆ."

"ಮತ್ತೆ ಇಲ್ಲಿಂದ ಕೊಟ್ಟ ಹುಡಿ?"

"ಉಂಟು. ಅದರಲ್ಲಿ ಉಂಡೆ ಕಟ್ಟಿ ದೊಡ್ಡವನಿಗೆ ಕೊಡ್ತೇವೆ. ಅವನಿಗೆ ಭಾರೀ ಇಷ್ಟ."

ಐದೇ ನಿಮಿಷದ ಈ ಮಾತಿನಲ್ಲಿ ಆ ಮಗು ಯಾಕೆ ಬೆಳೆಯುತ್ತಿಲ್ಲ ಎಂಬುದು ಹೊರಗೆ ಬಂತು. ಸರಕಾರದ ಹುಡಿ ಮನೆಗೆ ಹೋಗಿದೆ. ರಿಜಿಸ್ಟರಿನಲ್ಲಿ ಸಹಿಯೂ ಬಿದ್ದಿದೆ. ಮಗುವಿನ ಹೊಟ್ಟೆಗೆ ಹೋದದ್ದು ಅಕ್ಕಿ ಬೇಯಿಸಿದ ನೀರು. ಇದನ್ನು ಹುಡುಕಿದ್ದು ತಕ್ಕಡಿಯೂ ಅಲ್ಲ, ಮೊಬೈಲ್ ಆಪ್ ಕೂಡ ಅಲ್ಲ. ಮನೆಮಾತಿನಲ್ಲಿ ಕೇಳಿದ ಒಂದು ಪ್ರಶ್ನೆ. ಊರಿನ ಪೋಷಣೆಯ ಕೆಲಸದಲ್ಲಿ ಆಶಾ ಏನು ಮಾಡುತ್ತಾರೆ ಎಂದು ಯಾರಾದರೂ ಕೇಳಿದರೆ ನನಗೆ ನೆನಪಾಗುವುದು ಇದೇ. ಬೇಸರದ ಸಂಗತಿ ಅಂದರೆ, ಅವರಿಗೆ ಸಿಗುವ ಹಣದ ಲೆಕ್ಕದಲ್ಲಿ ಈ ಮಾತಿಗೆ ಅಂತ ಒಂದು ಸಾಲು ಇಲ್ಲ.

ಆ ಹುಡಿಯ ಬಗ್ಗೆ ಸ್ವಲ್ಪ ಹೇಳಬೇಕು, ಯಾಕೆಂದರೆ ಅದು ನಮ್ಮ ಜಿಲ್ಲೆಯದ್ದೇ. ಕೇರಳದ ಅಂಗನವಾಡಿಗಳಲ್ಲಿ ಆರು ತಿಂಗಳಿಂದ ಮೂರು ವರ್ಷದವರೆಗಿನ ಮಕ್ಕಳಿಗೆ ಕೊಡುವ 'ಅಮೃತಂ ನ್ಯೂಟ್ರಿಮಿಕ್ಸ್' ತಯಾರಾಗುವ ಪಾಕವನ್ನು ರೂಪಿಸಿದ್ದು ಕಾಸರಗೋಡಿನ ಸಿಪಿಸಿಆರ್‌ಐ, ನಮ್ಮ ಊರಿನವರು ತೆಂಗಿನ ಗಿಡಕ್ಕೆ ಹೋಗುವ ಅದೇ ಸಂಶೋಧನಾ ಕೇಂದ್ರ. ನೂರು ಗ್ರಾಮಿನಲ್ಲಿ ಗೋಧಿ 45, ಕಡ್ಲೆಬೇಳೆ 15, ಸೋಯಾ 10, ನೆಲಗಡಲೆ 10, ಸಕ್ಕರೆ 20. ಹುರಿದು, ಹುಡಿ ಮಾಡಿ, ಪ್ಯಾಕೆಟ್ ಕಟ್ಟುವವರು ಕೇರಳದ ಮಹಿಳಾ ಸ್ವಸಹಾಯ ಸಂಘಗಳಾದ ಕುಡುಂಬಶ್ರೀಯ ಹೆಂಗಸರು. ಕಂಟ್ರಾಕ್ಟರ್‌ ಕೈಗೆ ಹೋಗದೆ ಊರಿನ ಹೆಂಗಸರ ಕೈಯಲ್ಲೇ ಉಳಿದ ಈ ವ್ಯವಸ್ಥೆ ದೇಶಕ್ಕೇ ಒಳ್ಳೆಯ ಮಾದರಿ. ಸಕ್ಕರೆ ಮಾತ್ರ ಜಾಸ್ತಿ ಆಯಿತು ಎಂದು ನನಗೆ ಅನಿಸುತ್ತದೆ. ಆ ಸಿಹಿಯಿಂದಲೇ ಅದು ಮನೆಯ ದೊಡ್ಡ ಮಕ್ಕಳಿಗೆ ಉಂಡೆಯಾಗುವುದು, ನೆಂಟರಿಗೆ ಚಾದ ಜೊತೆ ತಿಂಡಿಯಾಗುವುದು.

ಅಂದರೆ ಆಹಾರ ತಯಾರಾಗುತ್ತದೆ, ಮನೆ ತಲುಪುತ್ತದೆ. ಆಮೇಲಿನ ಹತ್ತು ಅಡಿ ದೂರವೇ ಕಷ್ಟ. ಅಡುಗೆಮನೆಯ ಕಪಾಟಿನಿಂದ ಮಗುವಿನ ಬಾಯಿವರೆಗಿನ ದೂರ.

ಕೇರಳದಲ್ಲಿ ಇದೆಲ್ಲ ಒಂದು ಸಮಸ್ಯೆಯಾ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸಹಜವೇ. ಜನನ ಮರಣಗಳ ಲೆಕ್ಕ ಹಿಡಿಯುವ ಕೇಂದ್ರದ ಸಮೀಕ್ಷೆಯ (ಎಸ್‌ಆರ್‌ಎಸ್) 2023ರ ಲೆಕ್ಕದ ಪ್ರಕಾರ ಇಲ್ಲಿ ಸಾವಿರ ಮಕ್ಕಳು ಹುಟ್ಟಿದರೆ ವರ್ಷ ತುಂಬುವ ಮೊದಲು ತೀರಿಹೋಗುವವರು ಐದು. ದೇಶದ ಸರಾಸರಿ 25. ಆದರೆ ಬದುಕಿ ಉಳಿಯುವುದು ಬೇರೆ, ಚೆನ್ನಾಗಿ ಬೆಳೆಯುವುದು ಬೇರೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೇ ಮತ್ತು ಐದನೇ ಸುತ್ತನ್ನು ಪಕ್ಕಪಕ್ಕ ಇಟ್ಟು ನೋಡಿ. ಕೇರಳದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು 19.7 ಶೇಕಡಾದಿಂದ 23.4ಕ್ಕೆ ಏರಿದರು. ತೂಕ ಕಡಿಮೆ ಇರುವವರು 16.1ರಿಂದ 19.7ಕ್ಕೆ. ರಕ್ತಹೀನತೆ ಇರುವ ಮಕ್ಕಳು 35.7ರಿಂದ 39.4ಕ್ಕೆ. ಇಳಿಯಬೇಕಾದ ಮೂರೂ ಲೆಕ್ಕ ಏರಿವೆ. ಆಸ್ಪತ್ರೆ ಇಲ್ಲದೆ ಹೀಗಾಗಿಲ್ಲ, ರೇಷನ್ ಇಲ್ಲದೆಯೂ ಆಗಿಲ್ಲ. ಮನೆಯೊಳಗೆ ಏನು ನಡೆಯುತ್ತಿದೆ ಎಂಬುದನ್ನು ನೋಡದೆ ಇದಕ್ಕೆ ಉತ್ತರ ಸಿಗುವುದಿಲ್ಲ.

ಮನೆಯೊಳಗೆ ಹೋಗುವವರು ಯಾರು? ಅಂಗನವಾಡಿ ಟೀಚರಿಗೆ ಮಕ್ಕಳನ್ನು ಬಿಟ್ಟು ಹೊರಡುವುದು ಕಷ್ಟ. ಸಬ್‌ಸೆಂಟರಿನ ಸಿಸ್ಟರಿಗೆ ಹಲವು ವಾರ್ಡುಗಳು. ಉಳಿದವರು ಆಶಾ. 2005ರಲ್ಲಿ ಕೇಂದ್ರದ ಗ್ರಾಮೀಣ ಆರೋಗ್ಯ ಮಿಷನ್ ಜೊತೆಗೆ ಬಂದ ಹುದ್ದೆ ಇದು. ಹುದ್ದೆ ಎಂದೆ, ಆದರೆ ಕಾಗದದಲ್ಲಿ ಅದು ಹುದ್ದೆ ಅಲ್ಲ, ಸ್ವಯಂಸೇವೆ. ಸಾವಿರ ಜನರಿಗೆ ಒಬ್ಬರು, ಅದೇ ಊರಿನ ಹೆಂಗಸು ಆಗಿರಬೇಕು ಎಂಬುದು ನಿಯಮ. ಊರಿನವರೇ ಆಗಬೇಕು ಎಂದದ್ದರಲ್ಲಿ ದೊಡ್ಡ ಬುದ್ಧಿವಂತಿಕೆ ಇದೆ. ಯಾವ ಮನೆಗೆ ಎಷ್ಟು ಹೊತ್ತಿಗೆ ಹೋದರೆ ಅತ್ತೆ ತೋಟದಲ್ಲಿರುತ್ತಾರೆ, ಸೊಸೆ ಬಾಯಿಬಿಟ್ಟು ಮಾತಾಡುತ್ತಾಳೆ ಎಂಬುದು ಹೊರಗಿನವರಿಗೆ ಗೊತ್ತಾಗುವುದಿಲ್ಲ, ಅಲ್ವಾ?

ನಿಯಮದ ಪ್ರಕಾರ ಪೋಷಣೆಯಲ್ಲಿ ಆಶಾ ಮಾಡಬೇಕಾದ ಕೆಲಸ ಹೀಗಿದೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ಬಾಣಂತಿಯ ಮನೆಗೆ ಮೂರು, ಏಳು, ಹದಿನಾಲ್ಕು, ಇಪ್ಪತ್ತೊಂದು, ಇಪ್ಪತ್ತೆಂಟು, ನಲವತ್ತೆರಡನೇ ದಿನ ಹೋಗಬೇಕು. ಮಗು ಹಾಲು ಕುಡಿಯುತ್ತದಾ, ತೂಕ ಏರಿದೆಯಾ ನೋಡಬೇಕು. 2018ರಿಂದ ಇದರ ಮುಂದುವರಿಕೆಯಾಗಿ ಮೂರು, ಆರು, ಒಂಬತ್ತು, ಹನ್ನೆರಡು, ಹದಿನೈದನೇ ತಿಂಗಳಲ್ಲೂ ಭೇಟಿ ಇದೆ. ಮಗುವಿಗೆ ಅನ್ನ ಶುರು ಮಾಡುವ ಕಾಲ ಇದೇ. ಬಸುರಿ ಹೆಂಗಸಿಗೆ 180 ಕಬ್ಬಿಣದ ಮಾತ್ರೆ, ಹೆತ್ತ ಮೇಲೆ ಇನ್ನು 180. ನುಂಗಿದಳಾ, ಮಲ ಕಪ್ಪಾಯಿತು ಅಂತ ಹೆದರಿ ಬಿಸಾಡಿದಳಾ, ನೋಡಬೇಕು. ತಿಂಗಳಿಗೊಮ್ಮೆ ಅಂಗನವಾಡಿಯಲ್ಲಿ ಆರೋಗ್ಯ ಮತ್ತು ಪೋಷಣೆಯ ದಿನ. ಅದಕ್ಕೆ ತಾಯಂದಿರನ್ನು ಕರೆದು ತರಬೇಕು.

ಇನ್ನು ಹಣ. ಮಗುವಿನ ಆ ಐದು ಭೇಟಿಗೆ ಕೇಂದ್ರದ ಲೆಕ್ಕದಲ್ಲಿ ಒಟ್ಟು 250 ರೂಪಾಯಿ. ಭೇಟಿಗೆ 50. ಗುಡ್ಡೆಯ ಮೇಲಿನ ಒಂದು ಮನೆಗೆ ಆಟೋ ಹಿಡಿದರೆ ಅಷ್ಟೂ ಅಲ್ಲೇ ಹೋಯಿತು. ಈ 50 ರೂಪಾಯಿ ಸಿಗುವುದು ಭೇಟಿ ಮಾಡಿದ್ದಕ್ಕೆ, ಫಾರ್ಮ್ ತುಂಬಿದ್ದಕ್ಕೆ. ಎರಡು ನಿಮಿಷದಲ್ಲಿ ಫಾರ್ಮ್ ತುಂಬಿ ಬಂದರೂ 50. ಅತ್ತೆಯನ್ನು ಕೂರಿಸಿ, ಗಂಜಿಯ ಅನ್ನವನ್ನು ಕೈಯಲ್ಲೇ ನುರಿದು, ಚಮಚ ಓರೆ ಮಾಡಿದರೆ ಜಾರಿ ಬೀಳದಷ್ಟು ಗಟ್ಟಿ ಇರಬೇಕು ಎಂದು ತೋರಿಸಿ, ಮೇಲೆ ಒಂದು ಚಮಚ ತೆಂಗಿನೆಣ್ಣೆ ಹಾಕಿ ಮಗುವಿಗೆ ತಿನ್ನಿಸಿ ಬಂದರೂ 50. ಯಾವುದಕ್ಕೆ ಗಂಟೆ ಬೇಕು, ಯಾವುದರಿಂದ ಮಗು ಬೆಳೆಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಲೆಕ್ಕಕ್ಕೆ ಮಾತ್ರ ಗೊತ್ತಿಲ್ಲ.

2025ರಲ್ಲಿ ಕೇರಳದ ಆಶಾಗಳು ತಿರುವನಂತಪುರದ ಸೆಕ್ರೆಟೇರಿಯೇಟ್ ಎದುರು ಕೂತದ್ದನ್ನು ಈ ಹಿನ್ನೆಲೆಯಲ್ಲೇ ನೋಡಬೇಕು. ಫೆಬ್ರವರಿ 10ಕ್ಕೆ ಶುರುವಾದ ಧರಣಿ ನವೆಂಬರ್ 1ರ ತನಕ ನಡೆಯಿತು. ತಿಂಗಳಿಗೆ 7,000 ಇದ್ದ ಗೌರವಧನವನ್ನು 21,000 ಮಾಡಿ, ನಿವೃತ್ತಿಯಾದಾಗ 5 ಲಕ್ಷ ಕೊಡಿ ಎಂಬುದು ಬೇಡಿಕೆ. ಐವತ್ತನೇ ದಿನ ಕೆಲವರು ತಲೆ ಬೋಳಿಸಿಕೊಂಡರು, ಕೆಲವರು ಕೂದಲು ಕತ್ತರಿಸಿಕೊಂಡರು. ಕೊನೆಗೆ ಸಿಕ್ಕಿದ್ದು 1,000 ರೂಪಾಯಿಯ ಏರಿಕೆ. ಕೇಂದ್ರವೂ ಅದೇ ವರ್ಷ ತನ್ನ ಮಾಸಿಕ ಪ್ರೋತ್ಸಾಹಧನವನ್ನು 2,000ದಿಂದ 3,500ಕ್ಕೆ ಏರಿಸಿತು. ಗಡಿಯ ಆಚೆ ಕರ್ನಾಟಕದಲ್ಲಿ ಅದೇ ವರ್ಷದ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಆಶಾಗಳು ಕೂತಿದ್ದರು. ತಿಂಗಳಿಗೆ 10,000 ಖಾತ್ರಿ ಎಂಬ ಭರವಸೆ ಪಡೆದು ಎದ್ದರು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾಗಳಿಗೆ ಜಾಗತಿಕ ಪ್ರಶಸ್ತಿ ಕೊಟ್ಟಾಗ ನಾವೆಲ್ಲ ಚಪ್ಪಾಳೆ ತಟ್ಟಿದ್ದೆವು. ಕೆಲಸದ ಪಟ್ಟಿ ಕೊಡುವಾಗ ಅವರು ನೌಕರರು, ಸಂಬಳ ಕೇಳುವಾಗ ಸ್ವಯಂಸೇವಕರು. ಇದು ನ್ಯಾಯ ಅಲ್ಲ. ಪೋಷಣೆಯ ದೃಷ್ಟಿಯಿಂದಲೂ ಇದು ಜಾಣತನ ಅಲ್ಲ. ಭೇಟಿಗೆ ಇಷ್ಟು, ಫಾರ್ಮಿಗೆ ಇಷ್ಟು ಎಂದು ಬದುಕುವವರು ಎಣಿಸಲು ಬರುವ ಕೆಲಸಕ್ಕೇ ಮೊದಲು ಓಡಬೇಕಾಗುತ್ತದೆ.

ಕೇರಳದಲ್ಲಿ ಇನ್ನೊಂದು ಒತ್ತಡ ಇದೆ. ಇಲ್ಲಿ ಮಕ್ಕಳು ಕಡಿಮೆ, ವಯಸ್ಸಾದವರು ಜಾಸ್ತಿ. ಆಶಾಳ ದಿನದ ಬಹುಪಾಲು ಬಿಪಿ, ಶುಗರ್ ಸರ್ವೇಗೆ, ಹಾಸಿಗೆ ಹಿಡಿದವರ ಮನೆಗೆ, ಮಳೆಗಾಲದಲ್ಲಿ ಡೆಂಗಿ ಸೊಳ್ಳೆಯ ಹಿಂದೆ ಹೋಗುತ್ತದೆ. ಇವೆಲ್ಲ ಬೇಕಾದ ಕೆಲಸಗಳೇ. ಆದರೆ ಜ್ವರ ಬಂದರೆ ಎಲ್ಲರಿಗೂ ಕಾಣುತ್ತದೆ. ಮಗು ತಿಂಗಳಿಗೆ ನೂರು ಗ್ರಾಂ ಕಡಿಮೆ ಬೆಳೆದರೆ ಯಾರೂ ಗಾಬರಿಯಾಗುವುದಿಲ್ಲ. ವಾರ್ಡಿನ ಸಮಿತಿಯಲ್ಲೂ ಇದೇ ಕತೆ. ಹೆಸರು ಆರೋಗ್ಯ, ಶುಚಿತ್ವ ಮತ್ತು ಪೋಷಣಾ ಸಮಿತಿ. ಆರೋಗ್ಯ ಮಿಷನ್ನಿಂದ ವರ್ಷಕ್ಕೆ 10,000 ರೂಪಾಯಿ ಬರುತ್ತದೆ. ಮಳೆಗಾಲಕ್ಕೆ ಮೊದಲು ತೋಡು, ಚರಂಡಿ, ಬಾವಿ ಶುಚಿ ಮಾಡುವಷ್ಟರಲ್ಲಿ ಹಣ ಮುಗಿಯುತ್ತದೆ. ಹೆಸರಿನ ಮೂರನೇ ಪದಕ್ಕೆ ಉಳಿಯುವುದಿಲ್ಲ. ತಾಯಂದಿರು ಕೂತು ನೋಡುವ ಹಾಗೆ ತಿಂಗಳಿಗೊಮ್ಮೆ ನುಗ್ಗೆಸೊಪ್ಪು, ಹೆಸರುಬೇಳೆ, ರಾಗಿ ತಂದು ಅಡುಗೆ ಮಾಡಿ ತೋರಿಸಲು ಎಷ್ಟು ಖರ್ಚು? ಒಂದು ಚರಂಡಿಯ ಕಾಲು ಭಾಗವೂ ಬೇಡ.

ಈಗ ನಮ್ಮ ಜಿಲ್ಲೆಗೇ ಸೇರಿದ ವಿಷಯಕ್ಕೆ ಬರುತ್ತೇನೆ. ಭಾಷೆ. ಕಾಸರಗೋಡನ್ನು ಸಪ್ತಭಾಷೆಯ ನೆಲ ಎಂದು ವೇದಿಕೆಯಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಆಶಾಗೆ ಅದು ದಿನನಿತ್ಯದ ಕೆಲಸ. ಬೆಳಿಗ್ಗೆ ಒಂದು ಮನೆಯಲ್ಲಿ "ಬಾಲೆ ಪೇರ್ ಪರ್ಪುಂಡಾ?" (ಮಗು ಹಾಲು ಕುಡಿಯುತ್ತದಾ?) ಎಂದು ತುಳುವಿನಲ್ಲಿ ಕೇಳುತ್ತಾರೆ. ಮಾರ್ಗ ದಾಟಿದರೆ ಬ್ಯಾರಿ ಅಥವಾ ಮಲಯಾಳಂ. ಇನ್ನೂ ಮೇಲೆ ಹೋದರೆ ಹವ್ಯಕ ಕನ್ನಡ, ಮರಾಠಿ, ಕೊಂಕಣಿ. ಮೇಲಿನಿಂದ ಬರುವ ಕಾಗದಪತ್ರ, ತರಬೇತಿ, ಪೋಸ್ಟರ್ ಮಾತ್ರ ಹೆಚ್ಚಾಗಿ ಮಲಯಾಳಂನಲ್ಲಿ. ಕನ್ನಡ ಮಾಧ್ಯಮದಲ್ಲಿ ಹತ್ತನೇ ಕ್ಲಾಸ್ ಓದಿದ ಆಶಾ ಮಲಯಾಳಂನಲ್ಲಿ ಕಲಿತದ್ದನ್ನು ತಲೆಯಲ್ಲೇ ಕನ್ನಡ ಮಾಡಿ, ತುಳುವಿನಲ್ಲಿ ಹೇಳಬೇಕು. ಇದಕ್ಕೆ ಪುಸ್ತಕ ಇಲ್ಲ, ಡಿಕ್ಷನರಿ ಇಲ್ಲ, ಸಂಬಳ ಅಂತೂ ಇಲ್ಲ.

ಇದು ಸುಮ್ನೆ ಭಾಷಾಭಿಮಾನದ ಮಾತು ಅಲ್ಲ. ಔಷಧವಾದರೆ ಹೆಸರು ಗೊತ್ತಿಲ್ಲದಿದ್ದರೂ ಕೆಲಸ ಮಾಡುತ್ತದೆ. ಊಟದ ವಿಷಯ ಹಾಗಲ್ಲ. 'ಪೂರಕ ಆಹಾರ' ಎಂದರೆ ಯಾವ ತಾಯಿಗೂ ಏನೂ ಕಾಣುವುದಿಲ್ಲ. 'ರಾಗಿ ಮಣ್ಣಿ' ಎಂದರೆ ಪಾತ್ರೆ, ಸೌಟು, ಬೆಲ್ಲದ ಪರಿಮಳ ಎಲ್ಲ ಕಣ್ಣೆದುರು ಬರುತ್ತದೆ. 'ಹಸಿರು ಸೊಪ್ಪು ತಿನ್ನಿ' ಎಂದರೆ ತಲೆ ಆಡಿಸುತ್ತಾರೆ. 'ಬೇಲಿಯಲ್ಲಿ ನುಗ್ಗೆ ಉಂಟಲ್ಲ, ನಾಳೆ ಪಲ್ಯ ಮಾಡು' ಎಂದರೆ ಮಾಡುತ್ತಾರೆ. ಬಸಳೆ, ಹರಿವೆ, ತಿಮರೆ (ಒಂದೆಲಗ) ತಂಬುಳಿ, ಬೂತಾಯಿ ಮೀನು, ಹಲಸಿನ ಬೀಜ ಇವೆಲ್ಲ ನಮ್ಮ ಅಡುಗೆಮನೆಯಲ್ಲಿ ಮೊದಲಿಂದ ಇರುವವೇ. ಬಾಣಂತಿಗೆ ಮೀನು ಬೇಡ, ಸೊಪ್ಪು ಶೀತ, ಬೇಳೆ ವಾಯು ಎಂದು ಒಂದೊಂದಾಗಿ ತೆಗೆದುಹಾಕುವ ಪಥ್ಯವೂ ಇರುವಂಥದ್ದೇ. ಪಥ್ಯವನ್ನು ಮೂಢನಂಬಿಕೆ ಎಂದು ಬೈದರೆ ಬಾಗಿಲು ಮುಚ್ಚುತ್ತದೆ. ನಾನು ನೋಡಿದ ಆಶಾ ಹಾಗೆ ಮಾಡಲಿಲ್ಲ. "ದೊಡ್ಡಮ್ಮ, ಕರಿಮೆಣಸು, ಬೆಳ್ಳುಳ್ಳಿ ಹಾಕಿ ಬೇಳೆಸಾರು ಮಾಡಿದ್ರೆ ವಾಯು ಆಗುದಿಲ್ಲ ಅಲ್ವಾ?" ಎಂದು ಕೇಳಿದರು. ದೊಡ್ಡಮ್ಮ ಒಪ್ಪಿದರು. ಇಂಥ ರಾಜಿಯನ್ನು ಯಾವ ಪೋಸ್ಟರಿನಲ್ಲಿ ಬರೆಯುವುದು?

ಕೊರಗರ ಹಾಡಿಗಳಲ್ಲಿ ಇದು ಇನ್ನೂ ಮುಖ್ಯ. ಕೇರಳದ ಐದು ವಿಶೇಷ ದುರ್ಬಲ ಬುಡಕಟ್ಟುಗಳಲ್ಲಿ ಕೊರಗರು ಒಬ್ಬರು, ಕೇರಳದಲ್ಲಿ ಅವರು ಇರುವುದು ನಮ್ಮ ಜಿಲ್ಲೆಯಲ್ಲೇ. ತಲೆತಲಾಂತರದಿಂದ ದೂರ ನಿಲ್ಲಿಸಿದ ಜನರು ಅಂಗನವಾಡಿಯ ಜಗಲಿಗೆ ತಾವಾಗಿ ಬಂದು ಕೂರಲಿ ಎಂದು ಕಾಯುವುದು ತಪ್ಪು. ಅಲ್ಲಿಯ ಹೆಂಗಸೇ ಆಶಾ ಆದರೆ, ಅಥವಾ ಆಶಾ ಅವರ ಮನೆಯ ನೆಲದಲ್ಲಿ ಕೂತು ಚಾ ಕುಡಿದರೆ, ಮಾತು ಶುರುವಾಗುತ್ತದೆ. ಎಣ್ಮಕಜೆಯಂಥ ಕಡೆ ಇನ್ನೊಂದು ಭಯ ಇದೆ. ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಯುವುದು ನಿಂತದ್ದು 2000ದಲ್ಲಿ. ಆದರೂ ಬಸುರಿಯಾದ ಹೆಂಗಸಿನ ಎದೆಯಲ್ಲಿ, ಆ ವಿಷದಿಂದ ನನ್ನ ಮಗುವಿಗೆ ಏನಾದರೂ ಆಗುತ್ತದಾ ಎಂಬ ಪ್ರಶ್ನೆ ಇನ್ನೂ ಏಳುತ್ತದೆ. ಅದನ್ನು ಆಕೆ ಡಾಕ್ಟರ ಎದುರು ಕೇಳುವುದಿಲ್ಲ. ಮನೆಗೆ ಬಂದ ಆಶಾಳ ಹತ್ತಿರ ಕೇಳುತ್ತಾಳೆ.

ಗಡಿಯದ್ದು ಬೇರೆಯೇ ತೊಂದರೆ. ಇದನ್ನು ಮೇಲಿನವರು ಯೋಚಿಸಿಯೇ ಇಲ್ಲ ಎಂದು ನನಗೆ ಅನಿಸುತ್ತದೆ. ವರ್ಕಾಡಿ, ಮೀಂಜ, ಪೈವಳಿಕೆ ಕಡೆಯ ಎಷ್ಟೋ ಸೊಸೆಯರ ತವರು ಬಂಟ್ವಾಳ, ವಿಟ್ಲ, ಪುತ್ತೂರು. ಚೊಚ್ಚಲ ಹೆರಿಗೆ ತವರಿನಲ್ಲಿ. ಆಸ್ಪತ್ರೆ ಅಂದರೆ ಮೊದಲಿಂದಲೂ ಮಂಗಳೂರು, ದೇರಳಕಟ್ಟೆ. 2020ರ ಲಾಕ್‌ಡೌನಿನಲ್ಲಿ ತಲಪಾಡಿಯ ಮಾರ್ಗಕ್ಕೆ ಮಣ್ಣು ಹಾಕಿದಾಗ ನಾವು ಎಷ್ಟರ ಮಟ್ಟಿಗೆ ಆಚೆಯ ಆಸ್ಪತ್ರೆಗಳನ್ನು ನಂಬಿದ್ದೇವೆ ಎಂಬುದು ದೇಶಕ್ಕೆಲ್ಲ ಗೊತ್ತಾಯಿತು.

ಈಗ ಲೆಕ್ಕ ಹಾಕಿ ನೋಡಿ. ಏಳನೇ ತಿಂಗಳಲ್ಲಿ ಸೀಮಂತ ಮುಗಿಸಿ ಹುಡುಗಿ ತವರಿಗೆ ಹೋಗುತ್ತಾಳೆ. ಇಲ್ಲಿಯ ಆಶಾಳ ಪಟ್ಟಿಯಲ್ಲಿ 'ಊರಲ್ಲಿಲ್ಲ'. ಅಲ್ಲಿಯ ಆಶಾಳ ಪಟ್ಟಿಯಲ್ಲಿ ಹೆಸರೇ ಇಲ್ಲ, ಯಾಕೆಂದರೆ ಮದುವೆಯಾಗಿ ಹೋದವಳು. ಕರ್ನಾಟಕದಲ್ಲಿ 2017ರಿಂದ ಮಾತೃಪೂರ್ಣ ಯೋಜನೆಯಲ್ಲಿ ಬಸುರಿ, ಬಾಣಂತಿಯರಿಗೆ ಅಂಗನವಾಡಿಯಲ್ಲೇ ಬಿಸಿಯೂಟ ಇದೆ. ಈಕೆಯ ಹೆಸರು ಇರುವುದು ಕೇರಳದಲ್ಲಿ. ನಲವತ್ತೆರಡು ದಿನದ ಆರು ಭೇಟಿಯೂ ಕೈತಪ್ಪಿತು. ಮಗುವಿಗೆ ಮೂರೋ ನಾಲ್ಕೋ ತಿಂಗಳಾದ ಮೇಲೆ ಗಂಡನ ಮನೆಗೆ ಬರುವಾಗ ಕೈಯಲ್ಲಿ ಒಂದು ರಾಜ್ಯದ ತಾಯಿ ಕಾರ್ಡ್, ಊರು ಇನ್ನೊಂದು ರಾಜ್ಯದ್ದು. ಹುಟ್ಟುವಾಗ ತೂಕ ಎಷ್ಟಿತ್ತು, ಎರಡೂವರೆ ಕಿಲೋಕ್ಕಿಂತ ಕಡಿಮೆಯಾ, ಯಾರೂ ಬರೆದುಕೊಂಡಿರುವುದಿಲ್ಲ. ಅಂಗನವಾಡಿಯವರ ಪೋಷಣ್ ಟ್ರ್ಯಾಕರ್ ಆಪಿನಲ್ಲಿ ವಲಸೆ ಹೋದವರನ್ನು ದಾಖಲಿಸುವ ದಾರಿ ಇದೆ. ಆದರೆ ತವರಿಗೆ ಹೋಗಿ ಬರುವುದನ್ನು ನಮ್ಮಲ್ಲಿ ಯಾರು ವಲಸೆ ಎನ್ನುತ್ತಾರೆ?

ಆ ಆಪಿನ ಬಗ್ಗೆಯೂ ಒಂದು ಮಾತು. 2025ರ ಜುಲೈ 1ರಿಂದ ಮನೆಗೆ ಕೊಡುವ ರೇಷನ್‌ಗೆ ಮುಖ ಗುರುತಿಸುವುದು ಕಡ್ಡಾಯವಾಯಿತು. ಕಳ್ಳ ಹೆಸರು ತಡೆಯಲು ಎಂದು ಕಾರಣ. ನಮ್ಮ ಕಡೆ ನೆಟ್‌ವರ್ಕ್ ಹುಡುಕಿ ಗುಡ್ಡೆ ಹತ್ತಬೇಕು. ಆಧಾರಿಗೆ ಜೋಡಿಸಿದ ನಂಬರ್ ಗಲ್ಫಿನಲ್ಲಿರುವ ಗಂಡನ ಹತ್ತಿರ. ಒಟಿಪಿ ಅಲ್ಲಿಗೆ ಹೋಗಿ, ಅವನು ಡ್ಯೂಟಿ ಮುಗಿಸಿ ನೋಡಿ ಹೇಳಬೇಕು. ಮೂರು ಸಲ ನಡೆದು ಬಂದ ತಾಯಿ ನಾಲ್ಕನೇ ಸಲ ಬರುವುದಿಲ್ಲ. ಆಗ ಅವಳನ್ನು ಕರೆತರುವ ಕೆಲಸವೂ ಆಶಾಳ ತಲೆಗೆ. ಹುಡಿ ಯಾರ ಕೈಗೆ ಹೋಯಿತು ಎಂದು ನೋಡಲು ಇಷ್ಟೆಲ್ಲ ವ್ಯವಸ್ಥೆ ಮಾಡಿದವರು ಯಾರ ಹೊಟ್ಟೆಗೆ ಹೋಯಿತು ಎಂದು ಕೇಳಲು ಒಂದು ರೂಪಾಯಿ ಇಟ್ಟಿಲ್ಲ.

ಒಳ್ಳೆಯದೂ ಆಗಿದೆ. 2022ರಲ್ಲಿ ಅಂಗನವಾಡಿಯಲ್ಲಿ ವಾರಕ್ಕೆ ಎರಡು ದಿನ ಹಾಲು, ಎರಡು ದಿನ ಮೊಟ್ಟೆ ಶುರುವಾಯಿತು. 2025ರ ಶುರುವಿನಲ್ಲಿ ಒಬ್ಬ ಪುಟ್ಟ ಹುಡುಗ ಉಪ್ಪುಮಾ ಬೇಡ, 'ಬಿರ್ನಾಣಿ' ಬೇಕು ಎಂದ ವಿಡಿಯೋ ಎಲ್ಲರ ಮೊಬೈಲಿಗೆ ಬಂದಿತ್ತಲ್ಲ. ಅದಾದ ಮೇಲೆ ಅದೇ ಜೂನಿನಲ್ಲಿ ಸಚಿವೆ ವೀಣಾ ಜಾರ್ಜ್ ಹೊಸ ಮೆನು ಪ್ರಕಟಿಸಿದರು. ಮೊಟ್ಟೆ ಬಿರಿಯಾನಿ ಸೇರಿತು, ಸಕ್ಕರೆ ಮತ್ತು ಉಪ್ಪು ಇಳಿಯಿತು. ಒಂದು ಮಗು ಬಾಯಿಬಿಟ್ಟು ಕೇಳಿದ್ದಕ್ಕೆ ಇಷ್ಟಾಯಿತು ಎಂಬುದು ನನಗೆ ತುಂಬ ಖುಷಿ ಕೊಟ್ಟ ಸಂಗತಿ. ಆದರೆ ಹತ್ತು ತಿಂಗಳ ಮಗು ಬಾಯಿಬಿಟ್ಟು ಕೇಳುವುದಿಲ್ಲ. ಅದರ ಪರವಾಗಿ ಕೇಳಲು ಯಾರಾದರೂ ಮನೆಗೆ ಹೋಗಬೇಕು.

ಏನು ಮಾಡಬಹುದು? ಆಶಾಳ ತರಬೇತಿ ಪುಸ್ತಕ ಮತ್ತು ತಾಯಿ ಕಾರ್ಡನ್ನು ಮಂಜೇಶ್ವರ, ಕಾಸರಗೋಡು ತಾಲೂಕಿಗೆ ಕನ್ನಡದಲ್ಲಿ ಮುದ್ರಿಸುವುದಕ್ಕೆ ಹೊಸ ಕಾನೂನು ಬೇಡ, ಭಾಷಾ ಅಲ್ಪಸಂಖ್ಯಾತರ ಹಕ್ಕು ಮೊದಲಿಂದಲೇ ಇದೆ. ತೂಕ ಕಡಿಮೆ ಇರುವ ಮಗುವಿನ ಮನೆಗೆ ಐದು ಭೇಟಿ ಸಾಲದು. ವಾರಕ್ಕೊಮ್ಮೆ ಹೋಗಲು ಬಸ್ಸು, ಆಟೋ ಖರ್ಚು ಬೇರೆ ಕೊಡಬೇಕು, ಅದು ಪಂಚಾಯತಿನ ಕೈಯಲ್ಲೇ ಆಗುವ ಕೆಲಸ. ಸಂಬಳವನ್ನು ಸಂಬಳ ಎಂದೇ ಕರೆದು ತಿಂಗಳಿಗೊಮ್ಮೆ ಕೊಡಬೇಕು. ಗಡಿಯ ಎರಡೂ ಕಡೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳು ತವರಿಗೆ ಹೋದವರ, ಬಂದವರ ಪಟ್ಟಿಯನ್ನು ತಿಂಗಳಿಗೊಮ್ಮೆ ಅದಲುಬದಲು ಮಾಡಿಕೊಂಡರೆ ಅರ್ಧ ತೊಂದರೆ ಮುಗಿಯಿತು.

ಈ ಕೊನೆಯದ್ದನ್ನು ಆಶಾಗಳು ಆಗಲೇ ಶುರು ಮಾಡಿದ್ದಾರೆ, ಯಾವ ಆದೇಶವೂ ಇಲ್ಲದೆ. ಆ ದಿನ ಅಂಗನವಾಡಿಯಿಂದ ಇಳಿದು ಬರುವಾಗ ಆಶಾ ನಡುವೆ ನಿಂತು ಫೋನ್ ಮಾಡಿದರು. ಆ ಕಡೆ ಇದ್ದವರು ಬಂಟ್ವಾಳ ತಾಲೂಕಿನ ಒಬ್ಬ ಆಶಾ, ಯಾವುದೋ ಮದುವೆಯಲ್ಲಿ ಪರಿಚಯವಾದವರು. "ನಮ್ಮ ಹುಡುಗಿ ನಾಳೆ ನಿಮ್ಮಲ್ಲಿಗೆ ಬರ್ತಾಳೆ ಅಕ್ಕ, ಎಂಟು ತಿಂಗಳು. ರಕ್ತ ಕಡಿಮೆ ಉಂಟು. ಮಾತ್ರೆ ಕೊಟ್ಟಿದ್ದೇನೆ, ನುಂಗುದಿಲ್ಲ. ನೀವೊಮ್ಮೆ ಹೋಗಿ ಮಾತಾಡಿ." ಫೋನ್ ಚೀಲಕ್ಕೆ ಹಾಕಿ, ಕೊಡೆ ಬಿಡಿಸಿ, ಹತ್ತು ತಿಂಗಳ ಮಗುವಿನ ಮನೆಯ ಕಡೆಗೆ ಹೊರಟರು. ಅತ್ತೆಯ ಹತ್ತಿರ ಮಾತಾಡುವುದು ಬಾಕಿ ಇತ್ತು.